ಬೋಳು ಗೋಡೆಗೆ ಕೆಮ್ಮಣ್ಣೇ ಸಾಕು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ಎಲ್ಲರಿಗೂ ಗೊತ್ತು. ಆದರೆ ಮನೆ ಕಟ್ಟಿ ಮುಗಿದ ಮೇಲೆ ಬರುವ ಒಂದು ತೊಂದರೆಯನ್ನು ಗಾದೆ ಹೇಳುವುದಿಲ್ಲ. ಅದು ನಡುಮನೆಯ ಬೋಳು ಗೋಡೆ. ನಮ್ಮ ಸಾಗರ ತಾಲ್ಲೂಕಿನ ಹಳ್ಳಿಗಳಲ್ಲಿ ಈಗ ಮಣ್ಣಿನ ಗೋಡೆಯ ಮನೆಗಳು ಕಡಿಮೆಯಾಗಿ ಸಿಮೆಂಟ್ ಮನೆಗಳು ಏಳುತ್ತಿವೆ. ಜಂಬಿಟ್ಟಿಗೆ, ಮರಳು, ಕಬ್ಬಿಣ ಅಂತ ಕೈಯಲ್ಲಿದ್ದ ದುಡ್ಡೆಲ್ಲ ಖರ್ಚಾಗಿ ಮೇಲೆ ಸಾಲವೂ ಆಗಿರುತ್ತದೆ. ಆಗ ಬಂದ ನೆಂಟರು ಚಾ ಕುಡಿಯುತ್ತಾ, "ಎಲ್ಲಾ ಚೆನ್ನಾಗೈತೆ, ಈ ಗೋಡೆ ಮಾತ್ರ ಬೋಳು ಬೋಳು ಕಾಣ್ತದೆ" ಎಂದು ಹೇಳಿ ಹೋಗುತ್ತಾರೆ. ಅವತ್ತಿನಿಂದ ಮನೆಯವರಿಗೆ ನಿದ್ದೆ ಇಲ್ಲ.

ಗೋಡೆ ಚೆಂದ ಮಾಡಬೇಕು ಎಂಬ ಆಸೆ ತಪ್ಪು ಎಂದು ನಾನು ಹೇಳುವುದಿಲ್ಲ. ಬಡವರಿಗೂ ಚೆಂದ ಬೇಕು. ಆದರೆ ಅದಕ್ಕಾಗಿ ಪೇಟೆಗೆ ಹೋಗಿ ದುಡ್ಡು ಸುರಿಯಬೇಕಾಗಿಲ್ಲ ಎಂಬುದೇ ನನ್ನ ಅಭಿಪ್ರಾಯ.

ಪೇಟೆಯಿಂದ ನಾವು ಏನೇನು ತರುತ್ತೇವೆ ನೋಡಿರಿ. ಒಂದು, ಗೋಡೆಗೆ ಅಂಟಿಸುವ ಪ್ಲಾಸ್ಟಿಕ್ ಸ್ಟಿಕ್ಕರ್. ಅದರಲ್ಲಿ ನಾವು ಕಾಣದ ಮರ, ನಾವು ಕಾಣದ ಹಕ್ಕಿ ಇರುತ್ತದೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಗೋಡೆ ತೇವ ಹಿಡಿದಾಗ ಸ್ಟಿಕ್ಕರಿನ ಅಂಚು ಏಳುತ್ತದೆ, ಏಳುವಾಗ ಬಣ್ಣವನ್ನೂ ಕಿತ್ತುಕೊಂಡು ಬರುತ್ತದೆ. ಎರಡು, ಗಾಜಿನ ಚೌಕಟ್ಟಿನ ದೊಡ್ಡ ಜಲಪಾತದ ಪಟ. ಜೋಗದ ಗುಂಡಿ ಇರುವ ತಾಲ್ಲೂಕಿನವರು ಬೇರೆ ಯಾವುದೋ ದೇಶದ ಜಲಪಾತಕ್ಕೆ ನೂರಾರು ರೂಪಾಯಿ ಕೊಟ್ಟು ಮೊಳೆ ಹೊಡೆಯುವುದು ನಗುವಂಥ ಮಾತಲ್ಲವೇ? ಮೂರು, ಪ್ಲಾಸ್ಟಿಕ್ ಹೂವು. ಹಿತ್ತಲಲ್ಲಿ ದಾಸವಾಳ ಬಿಟ್ಟಿರುತ್ತದೆ, ಒಳಗೆ ಪ್ಲಾಸ್ಟಿಕ್ ಹೂವಿನ ಮೇಲೆ ಧೂಳು ಕೂತಿರುತ್ತದೆ.

ಕೆಲವರು ದೇವರ ಕ್ಯಾಲೆಂಡರ್ ಹಾಕುತ್ತಾರೆ. ಇದು ಕಡಿಮೆ ಖರ್ಚಿನದು, ಇದನ್ನು ನಾನು ಬೈಯುವುದಿಲ್ಲ. ಇದರ ಹಿಂದೆ ಒಂದು ಚರಿತ್ರೆಯೂ ಇದೆ. ರಾಜಾ ರವಿವರ್ಮ ಎಂಬ ಪ್ರಸಿದ್ಧ ಚಿತ್ರಕಾರರು 1894ರಲ್ಲಿ ಬೊಂಬಾಯಿಯಲ್ಲಿ ಚಿತ್ರ ಅಚ್ಚು ಹಾಕುವ ಮುದ್ರಣಾಲಯ ಶುರು ಮಾಡಿದರು. ಅರಮನೆಯವರು ಮಾತ್ರ ನೋಡುತ್ತಿದ್ದಂಥ ಲಕ್ಷ್ಮಿ, ಸರಸ್ವತಿಯರ ಚಿತ್ರಗಳು ಅಲ್ಲಿಂದ ಸಾಮಾನ್ಯರ ಮನೆಯ ಗೋಡೆಗೆ ಬಂದವು. ಆದರೆ ಒಂದೇ ಗೋಡೆಗೆ ಏಳೆಂಟು ವರ್ಷದ ಕ್ಯಾಲೆಂಡರ್ ನೇತು ಹಾಕಿದರೆ ಅದು ಅಂಗಡಿಯಂತೆ ಕಾಣುತ್ತದೆಯೇ ಹೊರತು ಮನೆಯಂತೆ ಕಾಣುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಉತ್ತರ ನಮ್ಮ ಅಜ್ಜಿಯರ ಕೈಯಲ್ಲೇ ಇದೆ. ಅದು ಹಸೆಗೋಡೆ ಚಿತ್ತಾರ. ಸಾಗರ, ಸೊರಬ, ಸಿದ್ದಾಪುರದ ಕಡೆ ದೀವರ ಮನೆಗಳಲ್ಲಿ ಮದುವೆ ಬಂದಾಗ ಹೆಣ್ಣು ಗಂಡನ್ನು ಹಸೆಗೆ ಕೂರಿಸುವ ಕಡೆ ಗೋಡೆಯ ಮೇಲೆ ಹೆಂಗಸರು ಇದನ್ನು ಬರೆಯುತ್ತಾರೆ. ಭೂಮಿ ಹುಣ್ಣಿಮೆಗೆ ಗದ್ದೆಗೆ ಒಯ್ಯುವ ಬುಟ್ಟಿಯ ಮೇಲೂ ಇದೇ ಚಿತ್ತಾರ. ಗೋಡೆಯನ್ನು ಚೆಂದ ಮಾಡುವ ಕೆಲಸ ನಮ್ಮೂರಿಗೆ ಹೊಸದಲ್ಲ, ನಾವು ಮರೆತಿದ್ದೇವೆ ಅಷ್ಟೆ. ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಇದಕ್ಕೆ ಬೇಕಾಗುವ ನಾಲ್ಕು ಬಣ್ಣಗಳ ಲೆಕ್ಕ ಹೀಗಿದೆ. ಕೆಂಪಿಗೆ ಕೆಮ್ಮಣ್ಣು. ಅದು ನಮ್ಮ ಧರೆಯಲ್ಲೇ ಇದೆ. ಬಿಳಿಗೆ ಅಕ್ಕಿ ನೆನೆಸಿ ನುಣ್ಣಗೆ ಅರೆದ ಹಿಟ್ಟು. ಕಪ್ಪಿಗೆ ಅದೇ ಅಕ್ಕಿಯನ್ನು ಕರಿ ಬರುವ ತನಕ ಹುರಿದು ಅರೆಯಬೇಕು. ಹಳದಿಗೆ ಗುರಿಗೆ ಕಾಯಿ. ಕುಂಚ ಪುಂಡಿ ನಾರಿನದು. ತುದಿಯನ್ನು ಜಜ್ಜಿ ಮೆತ್ತಗೆ ಮಾಡಿಕೊಂಡರೆ ಸಾಕು. ಒಂದು ಪಾವು ಅಕ್ಕಿಗಿಂತ ಹೆಚ್ಚು ಬೇಡ.

ಬರೆಯುವುದು ಏನನ್ನು? ನೇರ ಗೆರೆಗಳನ್ನು. ಅದಕ್ಕೆ ಎಳೆ ಎನ್ನುತ್ತಾರೆ. ಎಳೆಯ ಪಕ್ಕ ಎಳೆ ಬಂದು ಚೌಕ ಆಗುತ್ತದೆ, ಚೌಕದೊಳಗೆ ತ್ರಿಕೋನ ಕೂರುತ್ತದೆ. ನಿಲಿ, ಬಾಸಿಂಗ, ಜೋಗಿ ಜಡೆ, ದಂಡಿಗೆ, ತೇರು, ಭತ್ತದ ಸಸಿ, ಹಕ್ಕಿ ಎಲ್ಲಾ ಅದರಲ್ಲಿ ಬರುತ್ತವೆ. ಗಣಿತದ ಮೇಷ್ಟ್ರು ಬೋರ್ಡಿನ ಮೇಲೆ ಸಮಾಂತರ ರೇಖೆ, ಸಮಮಿತಿ ಅಂತ ಕಲಿಸಿದಾಗ ನನಗೆ ಅಜ್ಜಿಯ ಚಿತ್ತಾರವೇ ಕಣ್ಣ ಮುಂದೆ ಬಂತು. ಶಾಲೆಗೆ ಹೋಗದ ಅಜ್ಜಿ ಸ್ಕೇಲು ಹಿಡಿಯದೆ ಸಮಾಂತರ ರೇಖೆ ಎಳೆಯುತ್ತಾಳೆ. ನಾವು ಸ್ಕೇಲು ಹಿಡಿದೂ ಸೊಟ್ಟ ಎಳೆಯುತ್ತೇವೆ.

ಇದಕ್ಕೆ ಕೆಲವರು ಆಕ್ಷೇಪಣೆ ಹೇಳುತ್ತಾರೆ. ಅವುಗಳಿಗೂ ಉತ್ತರ ಕೊಡುವುದು ನನ್ನ ಕರ್ತವ್ಯ.

ಮೊದಲನೇ ಆಕ್ಷೇಪಣೆ: "ಸಿಮೆಂಟ್ ಗೋಡೆಗೆ, ಡಿಸ್ಟೆಂಪರ್ ಮೇಲೆ ಕೆಮ್ಮಣ್ಣು ನಿಲ್ಲುವುದಿಲ್ಲ." ಇದು ನಿಜ. ಮಣ್ಣಿನ ಗೋಡೆ ಹೀರಿಕೊಂಡ ಹಾಗೆ ಬಣ್ಣ ಹೊಡೆದ ಗೋಡೆ ಮಣ್ಣನ್ನು ಹೀರಿಕೊಳ್ಳುವುದಿಲ್ಲ, ಒಣಗಿದ ಮೇಲೆ ಉದುರುತ್ತದೆ. ಅದಕ್ಕೆ ಗೋಡೆ ಮೇಲೆಯೇ ಬರೆಯಬೇಕು ಎಂಬ ಹಟ ಬೇಡ. ಅಂಗಡಿಯಲ್ಲಿ ಬಿಸಾಡುವ ದಪ್ಪ ರಟ್ಟು ತಂದು, ಅದರ ಮೇಲೆ ಹಳೇ ಹತ್ತಿ ಬಟ್ಟೆ ಅಂಟಿಸಿ, ಸೋಸಿದ ಕೆಮ್ಮಣ್ಣಿಗೆ ಸ್ವಲ್ಪ ಗೋಂದು ಕಲೆಸಿ ಎರಡು ಸಲ ಬಳಿಯಬೇಕು. ಪೂರ್ತಿ ಒಣಗಿದ ಮೇಲೆ ಚಿತ್ತಾರ ಬರೆದು ಒಂದೇ ಮೊಳೆಗೆ ತೂಗು ಹಾಕಬಹುದು. ಮಳೆಗಾಲದಲ್ಲಿ ಗೋಡೆ ಬೆವರಿದರೆ ತೆಗೆದು ಒಲೆಯ ಹತ್ತಿರದ ಅಟ್ಟದಲ್ಲಿ ಇಡಬಹುದು. ಗೋಂದಿನ ಬಾಟ್ಲಿ ಬಿಟ್ಟರೆ ಕೈಯಿಂದ ಹೋಗುವ ದುಡ್ಡು ಇಲ್ಲವೇ ಇಲ್ಲ.

ಗೋಡೆಯ ಚಿತ್ರವನ್ನು ಬೇರೆ ಕಡೆ ಬರೆದರೆ ಅದು ಕೆಡುತ್ತದೆಯೇ? ಬಿಹಾರದ ಮಧುಬನಿ ಹೆಂಗಸರೂ ಮೊದಲು ಮನೆಯ ಗೋಡೆಗೇ ಬರೆಯುತ್ತಿದ್ದರು. 1960ರ ದಶಕದಲ್ಲಿ ಅಲ್ಲಿ ಭಾರೀ ಬರ ಬಂದಾಗ ಅವರಿಗೆ ಕಾಗದ ಕೊಟ್ಟು ಅದರ ಮೇಲೆ ಬರೆಯಿಸಿದರು. ಆ ಚಿತ್ರ ಮಾರಾಟವಾಗಿ ಹೊಟ್ಟೆಗೆ ಅನ್ನವೂ ಆಯಿತು, ಕಲೆಯೂ ಉಳಿಯಿತು. ಅವರಲ್ಲಿ ಒಬ್ಬರಾದ ಸೀತಾದೇವಿಯವರಿಗೆ 1981ರಲ್ಲಿ ಪದ್ಮಶ್ರೀ ಬಂತು.

ಎರಡನೇ ಆಕ್ಷೇಪಣೆ: "ಅದು ಹೆಣ್ಣುಮಕ್ಕಳ ಕೆಲಸ." ಹೀಗೆ ಹೇಳುವವರು ನಮ್ಮ ತರಗತಿಯಲ್ಲೂ ಇದ್ದಾರೆ. ಮಹಾರಾಷ್ಟ್ರದ ವಾರ್ಲಿ ಜನರಲ್ಲೂ ಮದುವೆಗೆ ಅಕ್ಕಿ ಹಿಟ್ಟಿನಿಂದ ಗೋಡೆಗೆ ಚಿತ್ರ ಬರೆಯುವುದು ಹೆಂಗಸರ ಕೆಲಸವಾಗಿತ್ತು. ಜಿವ್ಯಾ ಸೋಮಾ ಮಾಶೆ ಎಂಬ ಗಂಡಸು ಅದನ್ನು ಹಿಡಿದರು. ಆ ಚಿತ್ರ ಪ್ರಪಂಚಕ್ಕೆಲ್ಲ ಗೊತ್ತಾಯಿತು, 2011ರಲ್ಲಿ ಅವರಿಗೂ ಪದ್ಮಶ್ರೀ ಬಂತು. ಗದ್ದೆಯಲ್ಲಿ ಸಸಿ ಸಾಲು ತಪ್ಪದೆ ನೆಡಬಲ್ಲ ಹುಡುಗನ ಕೈಗೆ ಗೋಡೆಯ ಗೆರೆ ಬರುವುದಿಲ್ಲವೇ? ನಾನು ಹುಡುಗನೇ. ಅಜ್ಜಿಯ ಹತ್ತಿರ ಮೂರೆಳೆ ಕಲಿಯುತ್ತಿದ್ದೇನೆ.

ಮೂರನೇ ಆಕ್ಷೇಪಣೆ: "ಅದು ನಿಮ್ಮ ಜನರದು, ನಾವು ಬರೆದರೆ ಸರಿಯಾಗುತ್ತದಾ?" ಈ ಪ್ರಶ್ನೆಯನ್ನು ನಾನು ಅಜ್ಜಿಗೇ ಕೇಳಿದೆ. "ಬರೀಲಿ ಬಿಡೋ, ಕೈಕಾಲು ತೊಳ್ಕಂಡು ಬರೀಲಿ. ಕಲ್ತವ್ರು ಇದ್ರೆ ಉಳೀತದೆ" ಅಂದಳು. ಆದರೆ ಇದರಲ್ಲಿ ನನ್ನದೊಂದು ಮಾತು ಸೇರಿಸುತ್ತೇನೆ. ಮೊಬೈಲ್‌ನಲ್ಲಿ ನೋಡಿ ಕದ್ದು ಬರೆಯುವುದಕ್ಕಿಂತ ಬರುವವರ ಹತ್ತಿರ ಕೂತು, ಯಾವ ಗೆರೆಗೆ ಏನು ಹೆಸರು ಎಂದು ಕೇಳಿ ಬರೆಯುವುದು ಒಳ್ಳೆಯದು. ನೆಂಟರು ಬಂದು ಕೇಳಿದರೆ ಇದು ಇಂಥವರಿಂದ ಕಲಿತದ್ದು ಎಂದು ಹೇಳಬೇಕು.

ಇನ್ನೊಂದು ಸಂಗತಿ. ಗೋಡೆ ತುಂಬಾ ಏನಾದರೂ ಇರಲೇಬೇಕು ಎಂದು ತಿಳಿಯಬೇಡಿ. ಅಜ್ಜಿ ಬರೆಯುವ ಚಿತ್ತಾರದ ಸುತ್ತ ಬರೀ ಕೆಂಪು ಜಾಗ ಇರುತ್ತದೆ, ಅದರಿಂದಲೇ ಚಿತ್ತಾರ ಎದ್ದು ಕಾಣುತ್ತದೆ. ಒಂದು ಗೋಡೆಗೆ ಒಂದು ಚಿತ್ತಾರ, ಪಕ್ಕದಲ್ಲಿ ಮನೆಯ ಹಿರಿಯರ ಒಂದು ಫೋಟೋ ಇದ್ದರೆ ಬೇಕಾದಷ್ಟಾಯಿತು.

ಗೆಳೆಯ ಗೆಳತಿಯರೇ, ನಮ್ಮೂರಲ್ಲಿ ಚಿತ್ತಾರ ಪೂರ್ತಿ ಬರುವವರು ಈಗ ವಯಸ್ಸಾದವರು. ನಮ್ಮ ಅಜ್ಜಿಗೆ ಕಣ್ಣು ಮಂಜಾಗುತ್ತಿದೆ, ಸಣ್ಣ ಎಳೆ ಎಳೆಯುವಾಗ ಕೈ ನಡುಗುತ್ತದೆ. ಪೇಟೆಯ ಸ್ಟಿಕ್ಕರ್ ಮುಂದಿನ ವರ್ಷವೂ ಸಿಗುತ್ತದೆ. ಈ ಕೈಗಳು ಮುಂದಿನ ವರ್ಷ ಹೀಗೇ ಇರುತ್ತವೆ ಎಂದು ಹೇಳಲು ಬರುವುದಿಲ್ಲ. ಖರ್ಚು ಉಳಿಯುವುದು ಒಂದು ಲಾಭ, ಆದರೆ ಅದಕ್ಕಿಂತ ದೊಡ್ಡ ಲಾಭ ಇದೇ.

ಗುರುಗಳಲ್ಲಿ ನನ್ನದೊಂದು ವಿನಂತಿ. ಭೂಮಿ ಹುಣ್ಣಿಮೆಗೆ ಮೊದಲು ಒಂದು ಶನಿವಾರ ಊರಿನ ಇಬ್ಬರು ಅಜ್ಜಿಯರನ್ನು ಶಾಲೆಗೆ ಕರೆಸಿರಿ. ರಟ್ಟು, ಅಕ್ಕಿ, ಕೆಮ್ಮಣ್ಣು ನಾವೇ ತರುತ್ತೇವೆ. ಪ್ರತಿಯೊಬ್ಬರೂ ಒಂದೊಂದು ಚಿತ್ತಾರ ಬರೆದು ಮನೆಗೆ ಒಯ್ದರೆ ಈ ವರ್ಷ ನಮ್ಮೂರಿನ ಅಷ್ಟು ಮನೆಗಳ ಬೋಳು ಗೋಡೆಗಳು ಒಂದು ರೂಪಾಯಿ ಸಾಲವಿಲ್ಲದೆ ತುಂಬುತ್ತವೆ. ಇಷ್ಟು ಬರೆದು ನನ್ನ ಲೇಖನವನ್ನು ಮುಗಿಸುತ್ತೇನೆ. ನಿಮ್ಮ ಅಭಿಪ್ರಾಯ ಬೇರೆ ಇದ್ದರೆ ಮುಂದಿನ ತಿಂಗಳ ಗೋಡೆ ಪತ್ರಿಕೆಗೆ ಬರೆದು ಕೊಡಿ.

– ಏಳನೇ ತರಗತಿಯ ಒಬ್ಬ ವಿದ್ಯಾರ್ಥಿ