ಆಮೆಯ ಬಾಯಿಗೆ ಬೀಗವಿಲ್ಲ

ಮಲ್ಲೇಶ್ವರದಲ್ಲಿ ಕಾಡುಮಲ್ಲೇಶ್ವರ ದೇವಾಲಯದ ಎದುರಿಗೆ, ರಸ್ತೆಯ ಮಟ್ಟಕ್ಕಿಂತ ಕೆಳಗೆ ಇರುವ ದಕ್ಷಿಣಮುಖ ನಂದಿತೀರ್ಥವನ್ನು ಬಲ್ಲವರು ಅನೇಕರು. ಬಹುಕಾಲ ಮಣ್ಣಿನಡಿಯಲ್ಲಿ ಮರೆಯಾಗಿದ್ದು 1997ರಲ್ಲಿ ಬೆಳಕಿಗೆ ಬಂದ ಈ ತೀರ್ಥದಲ್ಲಿ ನಂದಿಯ ಬಾಯಿಂದ ಸುರಿಯುವ ನೀರು ಕೆಳಗಿನ ಶಿವಲಿಂಗವನ್ನು ತೋಯಿಸಿ ನಡುವಣ ಕಲ್ಯಾಣಿಗೆ ಹರಿಯುತ್ತದೆ. ಹಿರಿಯರು ನಂದಿಗೆ ಕೈಮುಗಿಯುತ್ತಿರುವಷ್ಟು ಹೊತ್ತೂ ಮಕ್ಕಳ ಕಣ್ಣು ಮಾತ್ರ ಕಲ್ಯಾಣಿಯ ಆಮೆಗಳ ಮೇಲೆ. “ತಾತ, ನಮ್ಮ ಮನೆಗೂ ಒಂದು ತರೋಣವೇ?” ಎಂಬ ಪ್ರಶ್ನೆ ಆ ಮೆಟ್ಟಿಲುಗಳಿಗೆ ಹೊಸದಾಗಿರಲಾರದು. ಮೊಮ್ಮಗುವಿನ ಮಾತನ್ನು ತೆಗೆದುಹಾಕಬಲ್ಲ ತಾತಂದಿರೂ ಹೆಚ್ಚಿಲ್ಲ.

ಹಾಗೆ ಮನೆಗೆ ಬರುವುದು ಸಾಮಾನ್ಯವಾಗಿ ಅಂಗೈಯಗಲದ ಒಂದು ಹಸಿರು ಮರಿ. ಕಣ್ಣಿನ ಹಿಂದೆ ಕೆಂಪು ಪಟ್ಟೆಯುಳ್ಳ ಇದನ್ನು ಅಂಗಡಿಯವರು ರೆಡ್ ಇಯರ್ಡ್ ಸ್ಲೈಡರ್ ಎನ್ನುತ್ತಾರೆ. ಇದರ ತವರು ಉತ್ತರ ಅಮೆರಿಕದ ಮಿಸಿಸಿಪ್ಪಿ ನದಿಯ ಸೀಮೆ. ಇದರೊಡನೆ ಗಾಜಿನ ತೊಟ್ಟಿಯೊಂದು ಬರುತ್ತದೆ. ತೊಟ್ಟಿಯ ತಳಕ್ಕೆ ಹಾಸಲು ಕೆಂಪು, ಹಳದಿ, ನೀಲಿ ಬಣ್ಣದ ಹರಳುಗಳ ಪೊಟ್ಟಣವೂ ಬರುತ್ತದೆ. ಮನೆಯಲ್ಲಿ ಆಮೆಯಿದ್ದರೆ ಲಕ್ಷ್ಮಿ ನೆಲೆಸುವಳೆಂದು ನಂಬಿದವರು ನಾಲ್ಕು ನಾಣ್ಯಗಳನ್ನೂ ಅದರೊಳಗೆ ಹಾಕುವುದುಂಟು. ಕೂರ್ಮನ ಬೆನ್ನ ಮೇಲೆ ಮಂದರವನ್ನು ನಿಲ್ಲಿಸಿ ಕಡೆದಾಗ ಲಕ್ಷ್ಮಿ ಮೇಲೆದ್ದು ಬಂದಳಲ್ಲವೇ, ನಂಬಿಕೆಗೆ ಪುರಾಣದ ಆಧಾರವೇನೋ ಇದೆ. ಆದರೆ ಕೂರ್ಮನಿಗೆ ಯಾರೂ ನಾಣ್ಯ ತಿನ್ನಿಸಿದ ಕಥೆ ಇಲ್ಲ.

ಗೀತೆಯ ಎರಡನೆಯ ಅಧ್ಯಾಯದಲ್ಲಿ ಇಂದ್ರಿಯಗಳನ್ನು ಒಳಗೆಳೆದುಕೊಂಡ ಸ್ಥಿತಪ್ರಜ್ಞನಿಗೆ ಆಮೆಯೇ ಉಪಮಾನ. ಕೈಕಾಲುಗಳ ಮಟ್ಟಿಗೆ ಅದು ನಿಜ. ನಾಲಗೆಯ ಮಟ್ಟಿಗೆ ಆಮೆಗೆ ಅಂಥ ಸಂಯಮವಿಲ್ಲ. ಅದಕ್ಕೆ ಹಲ್ಲಿಲ್ಲ, ಹಕ್ಕಿಯ ಕೊಕ್ಕಿನಂಥ ಗಟ್ಟಿಯಾದ ತುಟಿಯಿದೆ. ಕಚ್ಚಿದ್ದನ್ನು ಅಗಿಯುವ ಪದ್ಧತಿಯಿಲ್ಲ. ಬಾಯಲ್ಲಿ ಹಿಡಿಸಿದ್ದು ಒಳಗೆ ಹೋಗುತ್ತದೆ. ಕೆಂಪು, ಹಳದಿ ಬಣ್ಣಗಳು ಅದರ ಕಣ್ಣನ್ನು ಬೇಗ ಸೆಳೆಯುತ್ತವೆ. ಕೆಂಪು ಹರಳಿಗೂ ಕೆಂಪು ಹೂವಿನ ಎಸಳಿಗೂ ಭೇದವೆಣಿಸುವ ಅಭ್ಯಾಸ ಅದಕ್ಕೆ ಎಲ್ಲಿಂದ ಬರಬೇಕು? ಆಹಾರದಲ್ಲಿ ಸುಣ್ಣದ ಅಂಶ ಕಡಿಮೆಯಾದ ಆಮೆ ಬೇಕೆಂದೇ ಕಲ್ಲು ಮಣ್ಣುಗಳನ್ನು ತಿನ್ನುವುದೂ ಉಂಟು. ಆಗ ಕಲ್ಲು ತೆಗೆದರಷ್ಟೇ ಸಾಲದು, ಊಟವನ್ನೂ ತಿದ್ದಬೇಕು.

ನಾಣ್ಯದ ಮಾತು ತಮಾಷೆಯದಲ್ಲ. ಥಾಯ್‌ಲೆಂಡಿನ ಚೋನ್‌ಬುರಿ ಪ್ರಾಂತದ ಶ್ರೀರಾಚಾ ಎಂಬ ಊರಿನ ಕೊಳದಲ್ಲಿ ಸುಮಾರು ಇಪ್ಪತ್ತೈದು ವರ್ಷದ ಹೆಣ್ಣು ಕಡಲಾಮೆಯೊಂದಿತ್ತು. ಕೊಳಕ್ಕೆ ನಾಣ್ಯ ಎಸೆದರೆ ಆಯುಷ್ಯ ಹೆಚ್ಚುತ್ತದೆಂದು ನಂಬಿ ಬಂದವರೆಲ್ಲ ಎಸೆದರು. ಆಮೆ ಒಂದೊಂದನ್ನೇ ನುಂಗಿತು. ಹೊಟ್ಟೆಯ ಭಾರಕ್ಕೆ ಕೆಳಚಿಪ್ಪು ಬಿರಿಯಿತು, ಈಜುವುದೂ ಕಷ್ಟವಾಯಿತು. 2017ರ ಮಾರ್ಚ್ 6ರಂದು ಬ್ಯಾಂಕಾಕಿನ ಚುಲಲೊಂಗ್‌ಕೊರ್ನ್ ವಿಶ್ವವಿದ್ಯಾಲಯದ ಪಶುವೈದ್ಯರು ಶಸ್ತ್ರಚಿಕಿತ್ಸೆ ಮಾಡಿ ಹೊರತೆಗೆದ ನಾಣ್ಯಗಳು 915. ತೂಕ ಐದು ಕಿಲೋ. ಹುಂಡಿ ಎಂಬ ಅರ್ಥ ಬರುವಂತೆ ಓಂಸಿನ್ ಎಂದು ಅದಕ್ಕೆ ಹೆಸರಾಯಿತು. ಚೇತರಿಸಿಕೊಳ್ಳುತ್ತಿರುವಂತೆ ಕಂಡ ಆಮೆ ಅದೇ ತಿಂಗಳು 21ರಂದು ಸತ್ತಿತು. ಆಯುಷ್ಯ ಬೇಡಿದವರು ಎಷ್ಟು ಮಂದಿಯೋ, ಕೊಟ್ಟದ್ದು ಮಾತ್ರ ಆ ಒಂದು ಆಮೆ. ನಮ್ಮ ಪುಣ್ಯಕ್ಷೇತ್ರಗಳ ನೀರಿಗೂ ನಾಣ್ಯ ಬೀಳುತ್ತದೆ, ಪುರಿಯ ಜೊತೆಗೆ ಪುರಿ ತಂದ ಪ್ಲಾಸ್ಟಿಕ್ ಚೀಲವೂ ಬೀಳುತ್ತದೆ.

ಮನೆಯೊಳಗಿನ ಅಪಾಯಗಳು ಇನ್ನೂ ಸಣ್ಣವು, ಆದ್ದರಿಂದಲೇ ಕಣ್ತಪ್ಪುವಂಥವು. ಗಾಳಿಗೆಂದು ಆಮೆಯನ್ನು ಸ್ವಲ್ಪ ಹೊತ್ತು ನೆಲದ ಮೇಲೆ ಬಿಟ್ಟರೆ ಗುಂಡುಸೂಜಿ, ರಬ್ಬರ್ ಬ್ಯಾಂಡ್, ಕೂದಲ ಪಿನ್ನು, ಗಡಿಯಾರದ ಬಿಲ್ಲೆಯಂಥ ಬ್ಯಾಟರಿ ಯಾವುದೂ ಅದರ ಬಾಯಿಗೆ ವರ್ಜ್ಯವಲ್ಲ. ಇವೆಲ್ಲಕ್ಕಿಂತ ಮೋಸದ್ದು ಮಲ್ಲಿಗೆ ದಂಡೆ ಬಾಡಿದ ಮೇಲೆ ಉಳಿಯುವ ದಾರ. ಹರಳು ಒಮ್ಮೊಮ್ಮೆ ತಾನಾಗಿ ಜಾರಿ ಹೊರಬಂದೀತು. ದಾರ ಕರುಳನ್ನು ಸುಕ್ಕುಗಟ್ಟಿಸಿ ಕೊಯ್ಯಬಲ್ಲದು. ಬಾಯಿಂದಲೋ ಹಿಂಬದಿಯಿಂದಲೋ ದಾರದ ತುದಿ ಇಣುಕಿದರೆ ಯಾವ ಕಾರಣಕ್ಕೂ ಎಳೆಯಬಾರದು. ಎಳೆಯುವ ಕೈಗೆ ಅದರ ಇನ್ನೊಂದು ತುದಿ ಎಲ್ಲಿದೆಯೆಂದು ಗೊತ್ತಿರುವುದಿಲ್ಲ.

ಆಮೆಯ ಸಂಕಟ ತಿಳಿಯುವುದೂ ತಡವಾಗಿ. ಅದು ನರಳುವುದಿಲ್ಲ. ಊಟ ಬಿಡುತ್ತದೆ, ಮಂಕಾಗುತ್ತದೆ, ಮಲವಿಸರ್ಜನೆಗೆ ತಿಣುಕುತ್ತದೆ, ನೀರಿನಲ್ಲಿ ಒಂದು ಪಕ್ಕಕ್ಕೆ ವಾಲಿ ತೇಲುತ್ತದೆ. ಮಾರ್ಗಶಿರ ಪುಷ್ಯಗಳಲ್ಲಿ ಬೆಂಗಳೂರಿನ ಚಳಿಗೂ ಆಮೆ ಉಣ್ಣುವುದು ಕಡಿಮೆ. ಹೊರಗಿನ ಶಾಖವೇ ಅದರ ಮೈಶಾಖ, ಮೈ ತಣ್ಣಗಾದರೆ ಜೀರ್ಣಶಕ್ತಿಯೂ ನಿಧಾನ. ಚಳಿಯೋ ರೋಗವೋ ಎಂಬ ಸಂದೇಹದಲ್ಲಿ ವಾರಗಳು ಕಳೆಯುವುದುಂಟು. ಕಲ್ಲು, ಲೋಹಗಳು ಕ್ಷಕಿರಣ ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಪ್ಲಾಸ್ಟಿಕ್ ಕಾಣದೆಯೂ ಹೋಗಬಹುದು. ತಾನಾಗಿ ಹೊರಬಾರದ ವಸ್ತುವಿಗೆ ಶಸ್ತ್ರಚಿಕಿತ್ಸೆಯೇ ಗತಿ. ಕೆಲವೊಮ್ಮೆ ಕೆಳಚಿಪ್ಪನ್ನೇ ಕತ್ತರಿಸಿ ಒಳಹೋಗಬೇಕಾಗುತ್ತದೆ, ಆ ಗಾಯ ಮಾಯಲು ತಿಂಗಳುಗಳು ಬೇಕು.

ಪಥ್ಯವಾದರೋ ಕಷ್ಟದ್ದಲ್ಲ. ಆಮೆಯ ತಲೆಗಿಂತ ದೊಡ್ಡದಾದ, ನುಣುಪಾದ ಕಲ್ಲುಗಳನ್ನಷ್ಟೇ ತೊಟ್ಟಿಯಲ್ಲಿಡಬೇಕು. ಬರಿಯ ತಳವಿದ್ದರೂ ಆಮೆಗೆ ನಷ್ಟವಿಲ್ಲ, ನಷ್ಟವೆಲ್ಲ ನೋಡುವವರ ಕಣ್ಣಿಗೆ. ಊಟಕ್ಕೆ ಬೇರೊಂದು ಬೋಗುಣಿಯನ್ನು ಮೀಸಲಿಡುವುದು ಎಲ್ಲಕ್ಕಿಂತ ಉತ್ತಮ. ನೀರಾಮೆ ನೀರಿಲ್ಲದೆ ನುಂಗಲಾರದು, ಆದ್ದರಿಂದ ಬೋಗುಣಿಯಲ್ಲೂ ನೀರಿರಬೇಕು. ಊಟವೆಂದರೆ ಅನ್ನವಲ್ಲ, ಬ್ರೆಡ್ಡಲ್ಲ, ಹಾಲಂತೂ ಅಲ್ಲವೇ ಅಲ್ಲ. ಆಮೆಗೆಂದೇ ತಯಾರಾದ ಕಾಳು ಸ್ವಲ್ಪ. ಮರಿಯಾಗಿದ್ದಾಗ ಹುಳು, ಸಣ್ಣ ಮೀನು ಹೆಚ್ಚು. ಬೆಳೆದಂತೆಲ್ಲ ಸೊಪ್ಪು ಹೆಚ್ಚು. ಇಲ್ಲಿ ಸಸ್ಯಾಹಾರಿ ಮನೆಗಳಿಗೆ ತೊಡಕಿದೆ. ಮೀನು ಹುಳುಗಳನ್ನು ಮುಟ್ಟಲೊಲ್ಲದ ಮನೆಯವರು ಈ ಮರಿಯನ್ನು ತರದಿರುವುದೇ ಮರಿಗೆ ಮಾಡುವ ಉಪಕಾರ. ಗಾಂಧಿಬಜಾರಿನ ಪಾಲಕ್ ಸೊಪ್ಪು ಎಷ್ಟೇ ಎಳೆಯದಾಗಿರಲಿ, ಅದನ್ನೇ ದಿನವೂ ಹಾಕಿದರೆ ಅದರಲ್ಲಿನ ಆಕ್ಸಲೇಟು ಸುಣ್ಣವನ್ನು ಮೈಗೆ ಹತ್ತಗೊಡುವುದಿಲ್ಲ. ಹಿತ್ತಲ ದಾಸವಾಳದ ಎಲೆ, ಹೂವು, ತುರಿದ ಕುಂಬಳ ಲೇಸು. ಸುಣ್ಣಕ್ಕೆ, ಪಂಜರದ ಹಕ್ಕಿಗಳಿಗೆ ಕಟ್ಟುವ ಸಮುದ್ರಫೇನದ ತುಂಡನ್ನು ತೊಟ್ಟಿಗೆ ಹಾಕಿದರಾಯಿತು. ಬಿಸಿಲು ಬೀಳುವ ಒಂದು ಒಣ ಜಾಗವೂ ಬೇಕು.

ಬಾಯಿಯ ಅಪಾಯ ಇನ್ನೊಂದು ದಿಕ್ಕಿನಿಂದಲೂ ಇದೆ. ಅಮೆರಿಕದಲ್ಲಿ 1975ರಲ್ಲಿ ನಾಲ್ಕು ಅಂಗುಲಕ್ಕಿಂತ ಚಿಕ್ಕ ಚಿಪ್ಪಿನ ಆಮೆಗಳ ಮಾರಾಟವನ್ನೇ ನಿಷೇಧಿಸಿದರು. ಆಮೆಗಳ ಮೈಮೇಲೆ ಸಾಲ್ಮೊನೆಲ್ಲ ಎಂಬ ರೋಗಾಣು ಇರುತ್ತದೆ. ಚಿಕ್ಕ ಮಕ್ಕಳು ಆಮೆಮರಿಯನ್ನೇ ಬಾಯಿಗೆ ಹಾಕಿಕೊಳ್ಳುತ್ತಿದ್ದರು! ಆಮೆ ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯುವುದು ಮಡಿಯ ಮಾತಲ್ಲ.

ನಮ್ಮ ನಾಡಿನ ನಕ್ಷತ್ರ ಆಮೆಯನ್ನೂ ಕೆರೆಯ ಆಮೆಗಳನ್ನೂ ಸಾಕುವಂತೆಯೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅವಕ್ಕೆ ರಕ್ಷಣೆ ಕೊಟ್ಟಿದೆ. ತೋಟದಲ್ಲಿ ಕಂಡರೆ ಅರಣ್ಯ ಇಲಾಖೆಗೆ ತಿಳಿಸಬೇಕು. ಅಂಗಡಿಯ ಕೆಂಪುಗಿವಿಯದು ಇಪ್ಪತ್ತು ಮೂವತ್ತು ವರ್ಷ ಬದುಕಿ ಊಟದ ತಟ್ಟೆಯಷ್ಟಾದಾಗ ಸ್ಯಾಂಕಿ ಕೆರೆಗೆ ಬಿಟ್ಟುಬರುವ ಯೋಚನೆ ಹುಟ್ಟುವುದು ಸಹಜ. ಬಿಡಬಾರದು, ಇಲ್ಲಿಯ ಆಮೆಗಳ ಆಹಾರವನ್ನೂ ಬಿಸಿಲಿನ ತಾಣವನ್ನೂ ಅದು ಕಸಿದುಕೊಳ್ಳುತ್ತದೆ.

ತೊಟ್ಟಿಯಲ್ಲಿ ಈಗಾಗಲೇ ಬಣ್ಣದ ಹರಳು ಹಾಕಿರುವವರು ಇಂದೇ ಅವನ್ನು ತೆಗೆದು ಎಣಿಸಲಿ. ಆಮೆ ಊಟ ಬಿಟ್ಟಿದ್ದು, ಹರಳಿನ ಲೆಕ್ಕದಲ್ಲೂ ಕಡಿಮೆ ಬಂದರೆ, ಪಶುವೈದ್ಯರಲ್ಲಿಗೆ ಹೋಗುವಾಗ ಉಳಿದವುಗಳಲ್ಲಿ ಒಂದನ್ನು ಕೈಯಲ್ಲಿ ಹಿಡಿದು ಹೋಗಬೇಕು. ಒಳಗಿರುವುದು ಎಷ್ಟು ದೊಡ್ಡದೆಂದು ಅವರು ಮೊದಲು ಕೇಳುವರು.