ನಮಗೆ ಒಂದು ಬಲ್ಬು, ಅವರಿಗೆ ಅಭಿವೃದ್ಧಿ



ಮೊನ್ನೆ ಆಫೀಸಲ್ಲಿ ಊಟದ ಹೊತ್ತಿಗೆ ಸಹೋದ್ಯೋಗಿಯೊಬ್ಬರು, "ನಿಮ್ಮೋರಿಗೆಲ್ಲ ಬಿಟ್ಟಿ ಕರೆಂಟ್ ಕೊಟ್ಟೂ ಕೊಟ್ಟೂ ರಾಜ್ಯ ದಿವಾಳಿ ಆಯ್ತು. ಇನ್ನು ಫ್ಯಾಕ್ಟರಿ ಯಾರ್ ಹಾಕ್ತಾರೆ?" ಅಂದರು. ಅವರ ಮನೆಗೂ ಬರೋದು ಗೃಹಜ್ಯೋತಿಯ ಸೊನ್ನೆ ಬಿಲ್ಲೇ. 200 ಯೂನಿಟ್ ಯೋಜನೆಗೆ ಜಾತಿನೂ ಇಲ್ಲ, ಬಿಪಿಎಲ್ ಕಾರ್ಡೂ ಬೇಕಿಲ್ಲ. 'ಬಿಟ್ಟಿ' ಅನ್ನೋ ಹೆಸರು ಮಾತ್ರ ನಮಗೆ! ಅಲ್ಲಿ ನುಂಗಿಕೊಂಡದ್ದನ್ನ ಇಲ್ಲಿ ಬರೀತಿದ್ದೀನಿ.

ಮೊದಲು ಕಾನೂನು. ಸರ್ಕಾರ ಯಾರಿಗೇ ದರದಲ್ಲಿ ಸಬ್ಸಿಡಿ ಕೊಟ್ಟರೂ ಆ ಹಣವನ್ನ ಮುಂಗಡವಾಗಿ ಕಟ್ಟಬೇಕು ಅನ್ನುತ್ತೆ 2003ರ ವಿದ್ಯುತ್ ಕಾಯ್ದೆಯ 65ನೇ ಸೆಕ್ಷನ್. ಕಟ್ಟದೆ ಬಾಕಿ ಉಳಿಸಿದರೆ ಅದು ಸರ್ಕಾರದ ತಪ್ಪು, ಕೇರಿಯದ್ದಲ್ಲ. ಕೈಗಾರಿಕೆಗಳ ದರದಲ್ಲಿ ಕ್ರಾಸ್ ಸಬ್ಸಿಡಿ ಹೊರೆ ಇರೋದು ನಿಜ, ಚರ್ಚೆ ಮಾಡೋಣ. ಆದರೆ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೂ ಕರೆಂಟ್ ಉಚಿತ. ಕೊಡಲಿ, ರೈತರಿಗೆ ಬೇಡ ಅನ್ನಲ್ಲ. ಆದರೆ ಭೂಮಿಯೇ ಇಲ್ಲದವನಿಗೆ ಪಂಪ್‌ಸೆಟ್ ಎಲ್ಲಿಂದ ಬರಬೇಕು? ತೋಟದ ಧಣಿ ತಗೊಂಡ್ರೆ ಹಕ್ಕು, ಕೂಲಿಯವನು ತಗೊಂಡ್ರೆ ಬಿಟ್ಟಿ!

ಕರೆಂಟಿಗೂ ಆರ್ಥಿಕ ಬೆಳವಣಿಗೆಗೂ ಇರೋ ನಂಟನ್ನ ನಮಗೆ ಯಾರೂ ಹೇಳಿಕೊಡಬೇಕಿಲ್ಲ. 1942ರಿಂದ 46ರವರೆಗೆ ವೈಸ್‌ರಾಯ್ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗ ವಿದ್ಯುತ್ ನೀತಿಯ ಹೊಣೆ ಹೊತ್ತಿದ್ದವರು ಬಾಬಾಸಾಹೇಬರು. ಕರೆಂಟು ಅಗ್ಗವಾಗಿ, ಧಾರಾಳವಾಗಿ ಸಿಗದೆ ಕೈಗಾರಿಕೆ ಬೆಳೆಯಲ್ಲ, ಕೈಗಾರಿಕೆ ಬೆಳೆಯದೆ ಬಡತನ ಹೋಗಲ್ಲ ಅಂತ ಅವರು 1943ರಲ್ಲೇ ವಾದಿಸಿದ್ದರು. ಅವರು ಕಂಡದ್ದು ಕಾರ್ಖಾನೆ ಓಡಿಸೋ ಕರೆಂಟು.

ನಮಗೆ ಸಿಕ್ಕಿದ್ದು? ಭಾಗ್ಯಜ್ಯೋತಿ ಅಂತ ಗುಡಿಸಲಿಗೆ ಒಂದು ಬಲ್ಬು. ಕತ್ತಲೆ ಹೋಯ್ತು, ಅದನ್ನ ಮರೆಯಲ್ಲ. ಆದರೆ ಕೇರಿಗೆ ಬೆಳಕು ಸಾಕು, ಮೋಟಾರು ಬೇಡ ಅನ್ನೋ ಲೆಕ್ಕ ಇವತ್ತಿಗೂ ಬದಲಾಗಿಲ್ಲ. ವೋಲ್ಟೇಜ್ ಇಲ್ಲದ ಕಡೆ ಹೊಲಿಗೆ ಮೆಷಿನ್ನೂ ಓಡಲ್ಲ, ಹಿಟ್ಟಿನ ಗಿರಣಿನೂ ತಿರುಗಲ್ಲ. ಸೊನ್ನೆ ಬಿಲ್ ಕೈಲಿ ಹಿಡ್ಕೊಂಡು ಕತ್ತಲಲ್ಲಿ ಕೂತರೆ ಅದ್ಯಾವ ಗ್ಯಾರಂಟಿ?

ಪಾವಗಡ ನೋಡಿ. 2,050 ಮೆಗಾವ್ಯಾಟ್ ಸೋಲಾರ್ ಪಾರ್ಕು, ಸುಮಾರು 13 ಸಾವಿರ ಎಕರೆ. ಭೂಮಿ ಇದ್ದವರಿಗೆ ಎಕರೆಗೆ ವರ್ಷಕ್ಕೆ 21 ಸಾವಿರದಿಂದ ಶುರುವಾಗಿ ಬಾಡಿಗೆ. ಒಳ್ಳೇದೇ. ಆದರೆ ಅದೇ ಭೂಮಿಯಲ್ಲಿ ಕೂಲಿ ಮಾಡಿ ಉಣ್ಣುತ್ತಿದ್ದವರಿಗೆ ಯಾವ ಬಾಡಿಗೆ? ಅವರಲ್ಲಿ ನಮ್ಮವರೆಷ್ಟು ಜನ! ರಾಜ್ಯಕ್ಕೆ ಕರೆಂಟ್ ಹೋಯ್ತು, ಅವರ ಕೂಲಿ ಹೋಯ್ತು. ಇದನ್ನ ಯಾರೂ 'ಹೊರೆ' ಅಂತ ಲೆಕ್ಕಕ್ಕೆ ಬರೆಯಲಿಲ್ಲ.

ಈಗ ನಮ್ಮ ತಪ್ಪಿಗೆ ಬರ್ತೀನಿ. ದರ ನಿರ್ಧಾರ ಆಗೋದು ವಿಧಾನಸೌಧದಲ್ಲಲ್ಲ, ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದಲ್ಲಿ. ನೌಕರರ ಪಿಂಚಣಿ, ಗ್ರಾಚ್ಯುಟಿಗೆ ಅಂತ 2025ರ ಏಪ್ರಿಲ್‌ನಿಂದ ಯೂನಿಟ್‌ಗೆ 36 ಪೈಸೆ ಹಾಕಿದ್ದು ಅದರ ಆದೇಶದಿಂದಲೇ. ದರ ಏರಿಸೋ ಮುಂಚೆ ಆಯೋಗ ಆಕ್ಷೇಪಣೆ ಕರೀಬೇಕು, ಸಾರ್ವಜನಿಕ ವಿಚಾರಣೆ ಮಾಡುತ್ತೆ. ನಾನೊಂದ್ಸಲ ಹೋಗಿ ಕೂತಿದ್ದೆ. ಉದ್ಯಮಿಗಳ ಪರ ವಕೀಲರಿದ್ದರು, ಹಸಿರು ಶಾಲುಗಳಿದ್ದವು. ನೀಲಿ ಶಾಲು ಒಂದೂ ಇರಲಿಲ್ಲ. ನಾನೂ ಬಾಯಿ ಬಿಡದೆ ಎದ್ದು ಬಂದೆ. ಆ ನಾಚಿಕೆ ಇನ್ನೂ ಇದೆ.

ಪ್ರತಿಮೆಗೆ, ಮೀಸಲಾತಿಗೆ ಬೀದಿಗಿಳಿಯೋ ನಾವು ಮೀಟರ್ ಬಗ್ಗೆ ಯಾಕೆ ಸುಮ್ಮನಿದ್ದೀವಿ? ಸೇವೆ ಇಂಥ ಗುಣಮಟ್ಟದಲ್ಲಿರಬೇಕು, ತಪ್ಪಿದರೆ ಗ್ರಾಹಕನಿಗೆ ಪರಿಹಾರ ಕೊಡಬೇಕು ಅಂತ ಅದೇ ಕಾಯ್ದೆಯ 57ನೇ ಸೆಕ್ಷನ್ ಇದೆ. ನಮ್ಮ ಕೇರಿಯ ಟಿಸಿ ಸುಟ್ಟು ಎಷ್ಟು ದಿನಕ್ಕೆ ಹೊಸದು ಬಂತು, ವಾರದಲ್ಲಿ ಎಷ್ಟು ಹೊತ್ತು ಕರೆಂಟ್ ಹೋಯ್ತು, ದಿನಾಂಕ ಹಾಕಿ ಬರೆದಿಡಿ. ಹಕ್ಕುಪತ್ರ ಇಲ್ಲ ಅಂತ ಮೀಟರ್ ಸಿಗದ ಮನೆಗಳ ಪಟ್ಟಿ ಮಾಡಿ. ಮುಂದಿನ ವಿಚಾರಣೆಗೆ ಆ ಹಾಳೆ ಹಿಡ್ಕೊಂಡು ಹೋಗೋಣ. ಅರ್ಜಿ ಬರೆಯೋದು ನನ್ನ ದಿನದ ಕೆಲಸ, ನಾನು ಬರೆದುಕೊಡ್ತೀನಿ.

ನಾವು ಕೇಳ್ತಿರೋದು ದಾನ ಅಲ್ಲ, ನಮ್ಮ ಪಾಲು.

ಜೈಭೀಮ್.