ಎಂಜಿನ್ ಬದಲಾದಾಗ ಪಂಪಿನ ಲೆಕ್ಕ

ತುಮಕೂರು ರಸ್ತೆಯೂ ಹೊರವರ್ತುಲ ರಸ್ತೆಯೂ ಕೂಡುವ ಗೊರಗುಂಟೆಪಾಳ್ಯದಲ್ಲಿ ವಾಸಿಸುವವರಿಗೆ ವಾಹನಗಳ ಸದ್ದು, ಹೊಗೆ, ರಿಪೇರಿ ಯಾವುದೂ ಹೊಸದಲ್ಲ. ಈ ಭಾಗದ ತಂದೆಯೊಬ್ಬರು ಇತ್ತೀಚೆಗೆ ಕೇಳಿದ ಪ್ರಶ್ನೆ ಹೀಗಿತ್ತು: “ಮೇಷ್ಟ್ರೇ, ಮಗ ಎಂಜಿನಿಯರಿಂಗ್ ಓದ್ತಿದ್ದಾನೆ. ಗೆಳೆಯರ ಜೊತೆ ಸೇರಿ ಒಂದು ಹಳೇ ಜಿಪ್ಸಿ ತಗೊಂಡಿದ್ದಾನೆ. ಅದಕ್ಕೆ ಎಂಪಿಎಫ್‌ಐ ಎಂಜಿನ್ ಕೂರಿಸಿ ಸಕಲೇಶಪುರದ ಕಡೆ ಗುಡ್ಡ ಹತ್ತಿಸ್ತಾನಂತೆ. ಪೆಟ್ರೋಲ್ ಪಂಪು ಯಾವುದು ಹಾಕಬೇಕು ಅಂತ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಇರೋದರಲ್ಲಿ ದೊಡ್ಡದನ್ನೇ ಹಾಕಿಬಿಟ್ರೆ ಆಗೋದಿಲ್ವಾ?”

ಆಗುವುದಿಲ್ಲ. ಏಕೆಂದು ತಿಳಿಯಲು ಪ್ರೌಢಶಾಲೆಯ ಭೌತವಿಜ್ಞಾನವೇ ಸಾಕು.

1985ರಲ್ಲಿ ಮಾರುಕಟ್ಟೆಗೆ ಬಂದ ಜಿಪ್ಸಿಯಲ್ಲಿ ಇದ್ದದ್ದು ಕಾರ್ಬೊರೇಟರ್ ಎಂಜಿನ್. 2000ನೇ ಇಸವಿಯಲ್ಲಿ ಅದಕ್ಕೆ ಸುಮಾರು 80 ಅಶ್ವಶಕ್ತಿಯ ಎಂಪಿಎಫ್‌ಐ ಎಂಜಿನ್ ಬಂತು. ಇದರಲ್ಲಿ ಪ್ರತಿ ಸಿಲಿಂಡರಿಗೂ ಒಂದೊಂದು ಇಂಜೆಕ್ಟರ್ ಪೆಟ್ರೋಲನ್ನು ಸಿಂಪಡಿಸುತ್ತದೆ. ನೋಡಲು ಎರಡೂ ಪೆಟ್ರೋಲ್ ಎಂಜಿನ್‌ಗಳೇ. ಆದರೆ ಅವು ಪೆಟ್ರೋಲನ್ನು ಕೇಳುವ ರೀತಿ ಬೇರೆ ಬೇರೆ.

ಮೊದಲು ಒತ್ತಡ

ಕಾರ್ಬೊರೇಟರಿಗೆ ಬೇಕಾದ ಒತ್ತಡ ಸುಮಾರು 0.3 ಬಾರ್. ಮನೆಯ ತಾರಸಿಯ ಮೇಲೆ, ನಲ್ಲಿಗಿಂತ ಮೂರು ಮೀಟರ್ ಎತ್ತರದಲ್ಲಿ ನೀರಿನ ಟ್ಯಾಂಕ್ ಇದ್ದರೆ ನಲ್ಲಿಯಲ್ಲಿ ಸಿಗುವ ಒತ್ತಡವೂ ಇಷ್ಟೇ. ಎಂಪಿಎಫ್‌ಐ ಇಂಜೆಕ್ಟರಿಗೆ ಸುಮಾರು 3 ಬಾರ್ ಬೇಕು. ಅಂದರೆ ಅದೇ ಟ್ಯಾಂಕನ್ನು ಹತ್ತು ಅಂತಸ್ತಿನ ಕಟ್ಟಡದ ಮೇಲೆ ಇಟ್ಟಂತೆ!

ಹಳೆಯ ಪಂಪನ್ನೇ ಉಳಿಸಿಕೊಂಡರೆ ಇಂಜೆಕ್ಟರ್ ಸರಿಯಾಗಿ ಸಿಂಪಡಿಸುವುದಿಲ್ಲ, ಎಂಜಿನ್ ಸ್ಟಾರ್ಟೇ ಆಗದಿರಬಹುದು. ತಿರುಗಾಮುರುಗಾ ಮಾಡಿದರೆ ಇನ್ನೂ ಅಪಾಯ. ಕಾರ್ಬೊರೇಟರಿನ ಒಳಗೆ ಪೆಟ್ರೋಲನ್ನು ತಡೆಯುವುದು ತೇಲುಗುಂಡಿಗೆ ಹೊಂದಿಕೊಂಡ ಒಂದು ಪುಟ್ಟ ಸೂಜಿ ವಾಲ್ವ್. 3 ಬಾರ್ ಒತ್ತಡದ ಮುಂದೆ ಅದು ನಿಲ್ಲಲಾರದು. ಪೆಟ್ರೋಲ್ ಉಕ್ಕಿ ಬಿಸಿ ಎಂಜಿನ್ನಿನ ಮೇಲೆ ಸುರಿಯುತ್ತದೆ. ಮುಂದಿನದನ್ನು ಹೇಳಬೇಕಾಗಿಲ್ಲ.

ಆಮೇಲೆ ಪ್ರಮಾಣ

ವಿದ್ಯಾರ್ಥಿಗಳು ಈಗ ಪೆನ್ಸಿಲ್ ಹಿಡಿಯಿರಿ. 80 ಅಶ್ವಶಕ್ತಿ ಎಂದರೆ ಸುಮಾರು 60 ಕಿಲೋವ್ಯಾಟ್. ಪೆಟ್ರೋಲ್ ಎಂಜಿನ್ನು ಪೂರ್ಣ ಶಕ್ತಿಯಲ್ಲಿ ದುಡಿಯುವಾಗ ಒಂದು ಕಿಲೋವ್ಯಾಟಿಗೆ ಗಂಟೆಗೆ ಸುಮಾರು 300 ಗ್ರಾಂ ಇಂಧನ ಉರಿಸುತ್ತದೆ ಎಂದಿಟ್ಟುಕೊಳ್ಳೋಣ. 60ನ್ನು 0.3ರಿಂದ ಗುಣಿಸಿದರೆ 18 ಕಿಲೋಗ್ರಾಂ. ಒಂದು ಲೀಟರ್ ಪೆಟ್ರೋಲಿನ ತೂಕ ಮುಕ್ಕಾಲು ಕಿಲೋ ಆಸುಪಾಸು. ಹಾಗಾಗಿ ಗಂಟೆಗೆ 24 ಲೀಟರ್. ಎಥನಾಲ್ ಬೆರೆಸಿದ ಪೆಟ್ರೋಲಾದರೆ ಇನ್ನೂ ಒಂದೆರಡು ಲೀಟರ್ ಸೇರಿಸಿಕೊಳ್ಳಿ. ಗುಡ್ಡದಲ್ಲಿ ಮೆಲ್ಲಗೆ ತೆವಳುವಾಗ ಇದರ ಸಣ್ಣ ಪಾಲು ಸಾಕು.

ಹೀಗಿರುವಾಗ ರೇಸ್ ಕಾರುಗಳಿಗೆಂದು ಮಾರುವ, ಗಂಟೆಗೆ 250 ಲೀಟರ್ ತಳ್ಳುವ ಪಂಪು ಏಕೆ? 3 ಬಾರ್ ಒತ್ತಡದಲ್ಲಿ ಗಂಟೆಗೆ 80ರಿಂದ 100 ಲೀಟರ್ ಕೊಡುವ ಪಂಪೇ ಧಾರಾಳ. ಉಳಿದ ಪೆಟ್ರೋಲು ರೆಗ್ಯುಲೇಟರಿನ ಮೂಲಕ ಮತ್ತೆ ಟ್ಯಾಂಕಿಗೆ ಮರಳಬೇಕು. ಅದಕ್ಕೆ ತಕ್ಕಷ್ಟು ಅಗಲದ ರಿಟರ್ನ್ ಪೈಪು ಇಲ್ಲದಿದ್ದರೆ ಒತ್ತಡ ಬೇಕಾಬಿಟ್ಟಿ ಏರುತ್ತದೆ. ಇಲ್ಲೊಂದು ತತ್ತ್ವ ನೆನಪಿಡಿ: ಪಂಪು ಹುಟ್ಟಿಸುವುದು ಹರಿವನ್ನು. ಹರಿವಿಗೆ ಅಡ್ಡಿಯಾದಾಗ ಒತ್ತಡ ಹುಟ್ಟುತ್ತದೆ.

ಇನ್ನೊಂದು ಲೆಕ್ಕ. 3 ಬಾರ್ ಒತ್ತಡದಲ್ಲಿ ಗಂಟೆಗೆ 100 ಲೀಟರ್ ತಳ್ಳಲು ಬೇಕಾದ ಶಕ್ತಿ ಕೇವಲ 8 ವ್ಯಾಟ್ ಚಿಲ್ಲರೆ. ಆದರೆ ಇಂಥ ಪಂಪು 12 ವೋಲ್ಟಿನಲ್ಲಿ 5 ಆಂಪಿಯರ್ ಎಳೆದರೆ 60 ವ್ಯಾಟ್ ಆಯಿತು. ಉಳಿದದ್ದೆಲ್ಲಿ ಹೋಯಿತು? ಬಹುಪಾಲು ಶಾಖವಾಗಿ ಪೆಟ್ರೋಲಿಗೇ ಸೇರಿತು. ಪಂಪು ದೊಡ್ಡದಾದಷ್ಟೂ ಟ್ಯಾಂಕಿನಲ್ಲಿರುವ ಪೆಟ್ರೋಲು ಸುತ್ತಿ ಸುತ್ತಿ ಬಿಸಿಯಾಗುತ್ತದೆ.

ಎಳೆಯುವುದಕ್ಕಿಂತ ತಳ್ಳುವುದು ಲೇಸು

ಪೆಟ್ರೋಲಿನ ಹಗುರ ಅಂಶಗಳು 35–40 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯತೊಡಗುತ್ತವೆ. ಒತ್ತಡ ತಗ್ಗಿದರೆ ಇನ್ನೂ ಬೇಗ. ಪಂಪು ದೂರದಿಂದ ಹೀರುವಾಗ ಅದರ ಬಾಯಲ್ಲಿ ಒತ್ತಡ ತಗ್ಗುತ್ತದೆ, ಗುಳ್ಳೆ ಏಳುತ್ತದೆ, ಎಂಜಿನ್ ಉಸಿರುಗಟ್ಟುತ್ತದೆ. ಮೆಕ್ಯಾನಿಕ್‌ಗಳು ಇದನ್ನು ‘ವೇಪರ್ ಲಾಕ್’ ಎನ್ನುತ್ತಾರೆ. ಆದ್ದರಿಂದಲೇ ಈಗಿನ ಪಂಪುಗಳನ್ನು ಟ್ಯಾಂಕಿನ ಒಳಗೇ ಮುಳುಗಿಸಿಡುತ್ತಾರೆ. ಸುತ್ತಲಿನ ಪೆಟ್ರೋಲು ಪಂಪನ್ನು ತಂಪಾಗಿಯೂ ಇಡುತ್ತದೆ. ಹಳೆಯ ಟ್ಯಾಂಕಿನಲ್ಲಿ ಇದಕ್ಕೆ ಬಾಯಿ ಇಲ್ಲದಿದ್ದರೆ ಪಂಪನ್ನು ಹೊರಗೆ, ಆದರೆ ಟ್ಯಾಂಕಿಗೆ ಹತ್ತಿರವಾಗಿ, ತಳಕ್ಕಿಂತ ತಗ್ಗಿನಲ್ಲಿ, ಸೈಲೆನ್ಸರ್ ಪೈಪಿನಿಂದ ದೂರದಲ್ಲಿ ಕೂರಿಸಬೇಕು. ಕಲ್ಲು ಬಡಿಯದಂತೆ ಕಬ್ಬಿಣದ ಕವಚವೂ ಬೇಕು.

ಗುಡ್ಡ ಕೇಳುವ ಪ್ರಶ್ನೆ

60 ಸೆಂಟಿಮೀಟರ್ ಉದ್ದ, 20 ಸೆಂಟಿಮೀಟರ್ ಎತ್ತರದ ಚೌಕಾಕಾರದ ಟ್ಯಾಂಕಿನಲ್ಲಿ ಕಾಲು ಭಾಗ ಪೆಟ್ರೋಲಿದೆ. ಗಾಡಿ 30 ಡಿಗ್ರಿ ಏರು ಹತ್ತುತ್ತಿದೆ. ತ್ರಿಕೋನಮಿತಿ ಬಲ್ಲವರು ಲೆಕ್ಕ ಹಾಕಿ ನೋಡಿ: ಪೆಟ್ರೋಲೆಲ್ಲ ಹಿಂದಕ್ಕೆ ಸರಿದು, ಟ್ಯಾಂಕಿನ ಮುಂಭಾಗದ ಸುಮಾರು 28 ಸೆಂಟಿಮೀಟರ್ ಒಣಗಿಬಿಡುತ್ತದೆ. ಹೀರುವ ಕೊಳವೆ ಅಲ್ಲಿದ್ದರೆ ಪಂಪಿಗೆ ಸಿಗುವುದು ಗಾಳಿ. ಕಾರ್ಬೊರೇಟರಿನ ಬಟ್ಟಲಿನಲ್ಲಿ ಒಂದಿಷ್ಟು ದಾಸ್ತಾನು ಇರುತ್ತದೆ. ಇಂಜೆಕ್ಟರಿಗೆ ಆ ಸೌಕರ್ಯವಿಲ್ಲ. ಕಡಿದಾದ ಏರಿನ ನಡುವೆ ಎಂಜಿನ್ ನಿಂತರೆ ಬ್ರೇಕಿಗೆ ಎಂಜಿನ್ನಿನಿಂದ ಸಿಗುವ ನೆರವೂ ಕ್ರಮೇಣ ತಪ್ಪುತ್ತದೆ.

ಇದಕ್ಕೊಂದು ಸೊಗಸಾದ ಉಪಾಯವಿದೆ. ಕಡಿಮೆ ಒತ್ತಡದ ಪಂಪೊಂದು ದೊಡ್ಡ ಟ್ಯಾಂಕಿನಿಂದ ಒಂದು ಲೀಟರಿನ ಪುಟ್ಟ ಟ್ಯಾಂಕಿಗೆ ಪೆಟ್ರೋಲ್ ತುಂಬುತ್ತಿರುತ್ತದೆ. ಇದೇ ‘ಸರ್ಜ್ ಟ್ಯಾಂಕ್’. ಹೆಚ್ಚು ಒತ್ತಡದ ಪಂಪು ಇದರ ತಳದಿಂದ ಹೀರಿ ಎಂಜಿನ್ನಿಗೆ ಕೊಡುತ್ತದೆ. ಎಂಜಿನ್ನಿನಿಂದ ಮರಳುವ ಪೆಟ್ರೋಲು ಈ ಪುಟ್ಟ ಟ್ಯಾಂಕಿಗೇ ಬರುತ್ತದೆ. ತುಂಬಿ ಹೆಚ್ಚಾದದ್ದು ದೊಡ್ಡ ಟ್ಯಾಂಕಿಗೆ ಹೋಗುತ್ತದೆ. ಗಂಟೆಗೆ 24 ಲೀಟರಿನ ಲೆಕ್ಕದಲ್ಲಿ ಒಂದು ಲೀಟರ್ ಎರಡೂವರೆ ನಿಮಿಷ ಬಾಳುತ್ತದೆ. ಒಂದು ಏರು ದಾಟಲು ಅಷ್ಟು ಸಾಕು.

ಡೀಸೆಲ್ ಎಂಜಿನ್ ಕೂರಿಸುವವರಿಗೆ ಈ ಲೆಕ್ಕಗಳೆಲ್ಲ ಹೊಂದುವುದಿಲ್ಲ. ಅಲ್ಲಿ ಟ್ಯಾಂಕಿನಿಂದ ಡೀಸೆಲ್ ತರುವುದು ಒಂದು ಪಂಪು, ಅದನ್ನು ನೂರಾರು ಬಾರ್‌ಗೆ ಏರಿಸುವುದು ಎಂಜಿನ್ನಿಗೇ ಜೋಡಿಸಿದ ಇನ್ನೊಂದು ಪಂಪು. 1951ರಲ್ಲಿ ಆರಂಭವಾಗಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ನಮ್ಮ ಬೆಂಗಳೂರಿನ ಮೈಕೋ ಹೆಸರು ಮಾಡಿದ್ದು ಈ ಎರಡನೆಯ ಬಗೆಯ ಪಂಪುಗಳಿಂದಲೇ.

ಪಂಪು ನಿಲ್ಲುವುದೂ ಮುಖ್ಯ

ಹಳೆಯ ಜೀಪುಗಳ ಯಾಂತ್ರಿಕ ಪಂಪನ್ನು ಎಂಜಿನ್ನೇ ಓಡಿಸುತ್ತಿತ್ತು. ಎಂಜಿನ್ ನಿಂತರೆ ಪಂಪೂ ನಿಂತಿತು. ವಿದ್ಯುತ್ ಪಂಪಿಗೆ ಆ ಬುದ್ಧಿ ತಾನಾಗಿ ಇಲ್ಲ. ಎಂಪಿಎಫ್‌ಐ ಗಾಡಿಯ ಇಸಿಯು, ಅಂದರೆ ಎಂಜಿನ್ನಿನ ಗಣಕ, ಕೀಲಿ ತಿರುವಿದಾಗ ಎರಡು ಮೂರು ಸೆಕೆಂಡು ಪಂಪನ್ನು ಓಡಿಸಿ, ಎಂಜಿನ್ ತಿರುಗದಿದ್ದರೆ ರಿಲೇ ಮೂಲಕ ನಿಲ್ಲಿಸಿಬಿಡುತ್ತದೆ. ವೈರಿಂಗ್ ತಲೆನೋವೆಂದು ಕೆಲವರು ಇದನ್ನು ಬಿಟ್ಟು ಪಂಪಿನ ತಂತಿಯನ್ನು ನೇರ ಕೀಲಿಗೇ ಸೇರಿಸುತ್ತಾರೆ. ಗಾಡಿ ಮಗುಚಿ ಪೈಪು ಹರಿದರೂ ಆಗ ಪಂಪು ನಿಲ್ಲದು. ನಿಮಿಷಕ್ಕೆ ಒಂದೂವರೆ ಲೀಟರಿನಂತೆ ಪೆಟ್ರೋಲು ಚಿಮ್ಮುತ್ತಲೇ ಇರುತ್ತದೆ, ಒಳಗೆ ಸೀಟ್ ಬೆಲ್ಟಿನಲ್ಲಿ ಸಿಕ್ಕಿಕೊಂಡ ಹುಡುಗರಿರುತ್ತಾರೆ. ರಿಲೇ, ಫ್ಯೂಸು, 3 ಬಾರ್ ತಡೆಯುವ ಇಂಜೆಕ್ಷನ್ ಹೋಸು, ಅದಕ್ಕೆ ಒಪ್ಪುವ ಕ್ಲಿಪ್ಪು ಇವುಗಳಲ್ಲಿ ಜಿಪುಣತನ ಸಲ್ಲದು.

ಪೋಷಕರಿಗೆ ಒಂದು ಮಾತು. ಎಂಜಿನ್ ಬದಲಿಸಿದ ಗಾಡಿಯನ್ನು ಆರ್‌ಟಿಒ ಅನುಮತಿಯಿಲ್ಲದೆ ರಸ್ತೆಗೆ ಇಳಿಸುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ, ನಿಯಮ ಮೀರಿದ ಪ್ರತಿ ಮಾರ್ಪಾಟಿಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ ಆಗಬಹುದು. ಎಂಜಿನ್ ಕೊಳ್ಳುವ ಮೊದಲೇ ಅಲ್ಲಿ ವಿಚಾರಿಸಿ.

ಹಾಗೆಂದು ಮಕ್ಕಳ ಉತ್ಸಾಹಕ್ಕೆ ತಣ್ಣೀರು ಎರಚಬೇಡಿ. ಪರೀಕ್ಷೆಗೆಂದು ಉರುಹೊಡೆದ ಒತ್ತಡ, ಹರಿವು, ಕುದಿಬಿಂದು ಕೈಗೆ ಗ್ರೀಸ್ ಹತ್ತಿಸಿಕೊಂಡಾಗಲೇ ಅರ್ಥವಾಗುವುದು. “ಯಾವ ಪಂಪು?” ಎಂದು ಕೇಳುವುದರ ಬದಲು “ಎಷ್ಟು ಬಾರ್, ಗಂಟೆಗೆ ಎಷ್ಟು ಲೀಟರ್, ಉಳಿದದ್ದು ಎಲ್ಲಿಗೆ ಮರಳುತ್ತದೆ, ಗಾಡಿ ಉರುಳಿದರೆ ಪಂಪನ್ನು ನಿಲ್ಲಿಸುವವರು ಯಾರು?” ಎಂದು ಮಗನನ್ನೋ ಮಗಳನ್ನೋ ಕೇಳಿ. ನಾಲ್ಕಕ್ಕೂ ಕಾಗದದ ಮೇಲೆ ಉತ್ತರ ಬರೆದುಕೊಟ್ಟ ಮೇಲೆ ಸ್ಪಾನರ್ ಕೈಗೆ ಕೊಡಿ.